ಕೊನೆಯ ಪದಕ್ಕೆ ಕಾಯುವ ಲಕ್ಷ್ಮಯ್ಯ

ಬೆಳಗಿನ ಐದೂಮುಕ್ಕಾಲು. ಲಗ್ಗೆರೆಯ ಕಲ್ಯಾಣ ಮಂಟಪದಲ್ಲಿ ಇನ್ನೂ ಒಂದೇ ಟ್ಯೂಬ್‌ಲೈಟ್ ಉರಿಯುತ್ತಿದೆ. ಖಾಲಿ ಕುರ್ಚಿಗಳ ಎದುರು ನಿಂತ ಲಕ್ಷ್ಮಯ್ಯ ಮೈಕಿನ ಹತ್ತಿರ ಬಾಯಿ ತರುತ್ತಾರೆ. "ಬೇಕು... ಬೇಡ... ಇದೆ... ಇಲ್ಲ." ಕೊನೆಯ ಪದ ಹಿಂದಿನ ಗೋಡೆಗೆ ಬಡಿದು ವಾಪಸ್ ಬರುತ್ತದೆ. ಅವರು ಆಂಪ್ಲಿಫೈಯರಿನ ಬಳಿ ಹೋಗಿ ಗುಂಡಿಯನ್ನು ಕೂದಲೆಳೆಯಷ್ಟು ತಿರುಗಿಸಿ ಬಂದು ಮತ್ತೆ ಶುರು ಮಾಡುತ್ತಾರೆ: "ಇಲ್ಲ... ಇಲ್ಲ... ಇಲ್ಲ..."

ಮಂಟಪ ಗುಡಿಸುತ್ತಿರುವ ಧನಲಕ್ಷ್ಮಿಗೆ ನಗು ತಡೆಯುವುದಿಲ್ಲ. "ಬೆಳ್ಬೆಳಿಗ್ಗೆ ಏನಣ್ಣ ಇದು ಅಪಶಕುನ? ಎಲ್ರೂ ಹಲೋ, ಒನ್ ಟೂ ತ್ರೀ ಅಂತಾರಪ್ಪ!"

"ಒನ್ ಟೂ ತ್ರೀ ಹೇಳೋಕೆ ಇವತ್ತು ಯಾರೂ ಬರಲ್ಲ ಕಣಮ್ಮ," ಎನ್ನುತ್ತಾರೆ ಲಕ್ಷ್ಮಯ್ಯ. "ಬರೋರು ಹೇಳೋದು ಈ ನಾಲ್ಕೇ ಪದ. ಇವು ನೆಟ್ಟಗೆ ಕೇಳಿಸಿದ್ರೆ ಸಾಕು."

ಇವತ್ತು ಇಲ್ಲಿ ಊರಿನ ಮುಂದಿನ ಇಪ್ಪತ್ತು ವರ್ಷಗಳ ಯೋಜನೆಯ ಬಗ್ಗೆ ಜನರ ಅಹವಾಲು ಕೇಳುವ ಕೊನೆಯ ಸಭೆ. ನಕ್ಷೆಯಲ್ಲಿ ಹಳೇ ಸಂತೆ ಬೀದಿಗೆ ನೀಲಿ ಬಣ್ಣ ಬಳಿದಿದ್ದಾರೆ. ನೀಲಿ ಎಂದರೆ ವಾಣಿಜ್ಯ ಕೇಂದ್ರ. ಬೀದಿ ಎಂಬತ್ತು ಅಡಿ ಅಗಲವಾಗುತ್ತದೆ, ನೂರಾ ಹದಿನೆಂಟು ಸಣ್ಣ ಅಂಗಡಿಗಳ ಜಾಗದಲ್ಲಿ ಐದು ಅಂತಸ್ತಿನ ಸಂಕೀರ್ಣ ಏಳುತ್ತದೆ. ಪೇಟೆಗೆ ಕಳೆ ಬರುತ್ತದೆ ಎಂದು ಕೆಲವರು, ಹೊಟ್ಟೆಯ ಮೇಲೆ ಹೊಡೆಯುತ್ತಾರೆ ಎಂದು ಹಲವರು. ನೂರಾ ಹದಿನೆಂಟರಲ್ಲಿ ಒಂದು ಲಕ್ಷ್ಮಯ್ಯನವರ ಮೈಕ್ ಸೆಟ್ ಅಂಗಡಿ. ಆದರೆ ಅದರ ಬಗ್ಗೆ ಅವರು ಸಭೆಯಲ್ಲಿ ಬಾಯಿ ಬಿಡುವುದಿಲ್ಲ. "ಮೈಕ್ ಹಾಕೋನು ಮೈಕಲ್ಲಿ ಮಾತಾಡಬಾರ್ದು. ಬಡಿಸೋನು ಮೊದಲು ತಾನೇ ಉಂಡಂಗೆ ಆಗುತ್ತೆ."

ಅವರಿಗೀಗ ಐವತ್ತೇಳು. ಹದಿನೆಂಟರ ಹರೆಯದಲ್ಲಿ ಪೀಣ್ಯದ ಮೋಟಾರ್ ವೈಂಡಿಂಗ್ ಶೆಡ್ಡೊಂದಕ್ಕೆ ಸೇರಿದ್ದರು. ತಾಮ್ರದ ತಂತಿ ಸುತ್ತಿ ಸುತ್ತಿ ಬಲಗೈಯ ಎರಡು ಬೆರಳು ಸೊಟ್ಟಗಾದವು. ಶೆಡ್ಡು ಮುಚ್ಚಿದಾಗ ಗುಜರಿಯಿಂದ ಒಂದು ಸುಟ್ಟ ಆಂಪ್ಲಿಫೈಯರ್ ತಂದು, ತಾವೇ ರಿಪೇರಿ ಮಾಡಿ, ಹೊಸ ಬದುಕು ಶುರು ಮಾಡಿದರು. ಮದುವೆ, ನಾಮಕರಣ, ಗಣೇಶನ ಪೆಂಡಾಲು ಎಂದು ಓಡಾಡಿದ ಕಾಲವೊಂದಿತ್ತು. ಈಗ ಅವೆಲ್ಲ ಎದೆ ನಡುಗಿಸುವ ಡಿಜೆಗಳ ಪಾಲಾಗಿವೆ. ಉಳಿದದ್ದು ಸಭೆಗಳು, ಅದರಲ್ಲೂ ಯೋಜನಾ ಕಚೇರಿಯ ಸಭೆಗಳು. ಹನ್ನೊಂದು ವರ್ಷಗಳಲ್ಲಿ ಅರವತ್ತಮೂರು ಸಭೆ ಮಾಡಿದ್ದಾರೆ. ನಾಲ್ಕು ಮೈಕು, ಆರು ಸ್ಪೀಕರು, ಇನ್ನೂರು ಮೀಟರು ವೈರು. ವೈರು ಸುತ್ತುವ ಕೆಲಸ ಹೆಂಡತಿ ಕಮಲಮ್ಮನದು. "ಇವ್ರು ಸುತ್ತಿದ್ರೆ ಸಿಕ್ಕಾಗುತ್ತೆ. ಮೋಟಾರ್ ಸುತ್ತಿದ ಕೈ ಅಂತೆ!" ಎಂದು ಆಕೆ ಗಂಡನ ಕಾಲೆಳೆಯುತ್ತಾರೆ.

ಸಭೆಯಲ್ಲಿ ಒಬ್ಬೊಬ್ಬರಿಗೆ ಎರಡೇ ನಿಮಿಷ. ಗಂಟೆ ಬಾರಿಸುತ್ತದೆ, ಅಧಿಕಾರಿ ಕೈ ಎತ್ತುತ್ತಾರೆ, ಲಕ್ಷ್ಮಯ್ಯ ಮೈಕಿನ ಸದ್ದು ಕಡಿಯಬೇಕು. ಆಂಪ್ಲಿಫೈಯರಿನಿಂದ ಹೊರಡುವ ಇನ್ನೊಂದು ವೈರು ಕಚೇರಿಯ ರೆಕಾರ್ಡರಿಗೆ ಹೋಗುತ್ತದೆ. ಆಮೇಲೆ ಅದನ್ನೇ ಕೇಳಿಸಿಕೊಂಡು ಸಭೆಯ ವರದಿ ಟೈಪ್ ಮಾಡುತ್ತಾರೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ನಮ್ಮ ಹಿರಿಯರು ಹೇಳಿದ್ದು ಮೈಕು ಬರುವ ಮುಂಚೆ. ಇಲ್ಲಿ ಆಡಿದರೂ ಮೈಕಿಗೆ ಬೀಳದ ಮಾತು ಲೆಕ್ಕಕ್ಕೇ ಇಲ್ಲ.

ಇದು ಲಕ್ಷ್ಮಯ್ಯನವರಿಗೆ ಗೊತ್ತಾದದ್ದು ಕಳೆದ ವರ್ಷ, ಅದೂ ಅವರ ಕೈಯಿಂದಲೇ ನಡೆದ ಒಂದು ತಪ್ಪಿನಿಂದ. ಮೊದಲ ಸುತ್ತಿನ ಸಭೆಯಲ್ಲಿ ಹಳೇ ಸಂತೆ ಬೀದಿಯ ತುದಿಯಲ್ಲಿ ಸೊಪ್ಪು ಮಾರುವ ಮರೆವ್ವ ಎದ್ದು ನಿಂತು, "ಬೀದಿ ಅಗಲ ಮಾಡೋದು ನಂಗೆ ಇಷ್ಟ ಇಲ್ಲ" ಎಂದಿದ್ದರು. 'ಇಷ್ಟ' ಎಂಬಲ್ಲಿಗೆ ಗಂಟೆ ಬಾರಿಸಿತು. ಲಕ್ಷ್ಮಯ್ಯ ತಕ್ಷಣ ಗುಂಡಿ ತಿರುಗಿಸಿದರು. ಮೂರು ತಿಂಗಳ ಮೇಲೆ ಮರೆವ್ವ ಆ ವರದಿಯ ಒಂದು ಜೆರಾಕ್ಸ್ ಹಾಳೆ ಹಿಡಿದು ಅವರ ಅಂಗಡಿಗೆ ಬಂದರು. ಯಾರೋ ಓದಿ ಹೇಳಿದ್ದರಂತೆ. ಅದರಲ್ಲಿ ಹೀಗಿತ್ತು: 'ರಸ್ತೆ ಅಗಲೀಕರಣ ತಮಗೆ ಇಷ್ಟವೆಂದು ಮರೆವ್ವ ಎಂಬ ವ್ಯಾಪಾರಿ ತಿಳಿಸಿದರು.'

"ನೀನೂ ಅಲ್ಲೇ ಇದ್ದೆಯಲ್ಲಪ್ಪ ಲಕ್ಷ್ಮಯ್ಯಾ, ನಾನು ಇಷ್ಟ ಅಂದ್ನಾ?" ಎಂದು ಆಕೆ ಕೇಳಿದರು. ಬೈಯಲಿಲ್ಲ, ಅಳಲಿಲ್ಲ. "ನಮ್ಮ ಕನ್ನಡದಲ್ಲಿ ಬೇಕೋ ಬೇಡ್ವೋ ಅನ್ನೋದು ಕೊನೇಲಿ ಬರುತ್ತೆ. ಹತ್ತು ವರ್ಷದಿಂದ ಜನರ ಕೊನೇ ಪದಾನೇ ನಾನು ಕತ್ತರಿಸ್ತಾ ಇದ್ದೆ. ಇನ್ನೆಷ್ಟು ಜನರ 'ಇಲ್ಲ' ನುಂಗಿದೀನೋ ಏನೋ," ಎನ್ನುವಾಗ ಲಕ್ಷ್ಮಯ್ಯನವರ ದನಿ ಇಳಿಯುತ್ತದೆ.

ಅಂದಿನಿಂದ ಅವರು ಅಧಿಕಾರಿಯ ಕೈ ನೋಡುವುದನ್ನು ಬಿಟ್ಟಿದ್ದಾರೆ. ಮಾತಾಡುವವರ ಬಾಯಿ ನೋಡುತ್ತಾರೆ. ವಾಕ್ಯ ಮುಗಿದ ಮೇಲೆಯೇ ಗುಂಡಿ ತಿರುಗುತ್ತದೆ. ಒಂದೊಂದು ಸಲ ಹತ್ತು ಸೆಕೆಂಡು, ಒಂದೊಂದು ಸಲ ಇಪ್ಪತ್ತು. ಕಚೇರಿಯವರಿಗೆ ಇದು ಗೊತ್ತಾಗದೆ ಉಳಿದಿಲ್ಲ. ಇವತ್ತು ಒಂಬತ್ತು ಗಂಟೆಗೇ ಒಬ್ಬ ಸಿಬ್ಬಂದಿ ಬಂದು ಎಚ್ಚರಿಸಿ ಹೋಗುತ್ತಾರೆ: "ಇವತ್ತು ಬೆಲ್ ಆದ ತಕ್ಷಣ ಆಫ್ ಆಗ್ಬೇಕು. ಇಲ್ಲಾಂದ್ರೆ ಇದೇ ನಿಮ್ಮ ಲಾಸ್ಟ್ ಸಭೆ." ಕಮಲಮ್ಮ ವೈರು ಹಿಡಿದ ಕೈ ನಿಲ್ಲಿಸಿ ಗಂಡನ ಮುಖ ನೋಡುತ್ತಾರೆ.

ಹತ್ತೂವರೆಗೆ ಮಂಟಪ ಕಿಕ್ಕಿರಿದಿದೆ. ಮೊದಲು ಬರುವವರು ಬೀದಿಯ ಮೂರು ಕಟ್ಟಡಗಳ ಮಾಲೀಕ ಶಶಿಕುಮಾರ್. ಅವರು ಯೋಜನೆಯ ಪರ. "ನೋಡಿ ಸಾರ್, ಒಂದು ಕಾರ್ ನಿಲ್ಲಿಸೋಕೆ ಜಾಗ ಇಲ್ಲ. ಹಿಂಗೇ ಬಿಟ್ರೆ ನಮ್ಮ ಮಕ್ಕಳ ಕಾಲಕ್ಕೆ ಈ ಬೀದೀಲಿ ವ್ಯಾಪಾರ ಅನ್ನೋದು..." ಗಂಟೆ ಬಾರಿಸುತ್ತದೆ. ಲಕ್ಷ್ಮಯ್ಯನವರ ಬೆರಳು ಅಲುಗುವುದಿಲ್ಲ. "...ಇರಲ್ಲ," ಎಂದು ಶಶಿಕುಮಾರ್ ಮುಗಿಸಿದ ಮೇಲೆಯೇ ಮೈಕು ಸುಮ್ಮನಾಗುತ್ತದೆ. ಪರವೋ ವಿರೋಧವೋ, ಅವರ ಗುಂಡಿಗೆ ಎಲ್ಲರೂ ಒಂದೇ. ಸಿಬ್ಬಂದಿ ಮಾತ್ರ ಕಣ್ಣು ಕೆಂಪಗೆ ಮಾಡಿ ಇವರತ್ತ ನೋಡುತ್ತಾರೆ.

ಇಪ್ಪತ್ತೇಳನೆಯವರಾಗಿ ಮರೆವ್ವ ಬರುತ್ತಾರೆ. ಮೈಕು ಹಿಡಿದವರೇ, "ಇಲ್ಲ!" ಎನ್ನುತ್ತಾರೆ. "ಇಲ್ಲ ಅನ್ನೋದನ್ನ ಮೊದ್ಲೇ ಏಳ್ಬುಡ್ತೀನಿ ಸಾಮಿ. ಆಮ್ಯಾಕೆ ಮೈಕು ಕಟ್ಟಾಯ್ತದೆ."

ಸಭೆಗೆ ಸಭೆಯೇ ಘೊಳ್ಳೆಂದು ನಗುತ್ತದೆ. ಲಕ್ಷ್ಮಯ್ಯ ನಗುವುದಿಲ್ಲ. ಮುಖಕ್ಕೆ ಹೊಡೆದಂತಾಗಿ ತಲೆ ತಗ್ಗಿಸುತ್ತಾರೆ.

"ಇಪ್ಪತ್ತಾರು ವರ್ಸದಿಂದ ಅದೇ ಕಲ್ಲಿನ ಮ್ಯಾಲೆ ಕುಂತು ಸೊಪ್ಪು ಮಾರ್ತಿವ್ನಿ," ಮರೆವ್ವ ಮುಂದುವರಿಸುತ್ತಾರೆ. "ಸಂಜೆ ಗಾರ್ಮೆಂಟ್ಸ್ ಎಣ್ಮಕ್ಳು ಬಸ್ಸಿಳಿದು ಮನೆಗೋಗೋ ದಾರೀಲಿ ಒಂದು ಕಟ್ಟು ತಗೊಂಡು ಓಯ್ತಾರೆ. ಅವ್ರು ಕೊತ್ಮಿರಿ ಸೊಪ್ಪಿಗೆ ಲಿಫ್ಟ್ ಅತ್ತಾರಾ ಸಾಮಿ?" ಮಾತು ಎಲ್ಲೆಲ್ಲೋ ಹೋಗುತ್ತದೆ. ಮಳೆ, ಗಂಡನ ಕಾಯಿಲೆ, ಮತ್ತೆ ಸೊಪ್ಪು. ಕಡೆಗೆ ಆಕೆ ಉಸಿರು ಎಳೆದುಕೊಂಡು, "ಪೇಟೆ ಚೆಂದ ಆಗೋದು ನಂಗೂ ಇಷ್ಟಾನೇ" ಎನ್ನುವಾಗ ಗಂಟೆ ಬಾರಿಸುತ್ತದೆ.

ಇಲ್ಲಿಗೆ ಕಡಿದರೆ ವರದಿಯಲ್ಲಿ ಉಳಿಯುವುದು ಮತ್ತೆ ಅದೇ 'ಇಷ್ಟ'. ಮೊದಲೇ ಹೇಳಿಟ್ಟ 'ಇಲ್ಲ' ಯಾವುದಕ್ಕೆ ಎಂದು ಟೈಪ್ ಮಾಡುವವರಿಗೆ ಹೇಗೆ ತಿಳಿಯಬೇಕು? ಅಧಿಕಾರಿ ಕೈ ಎತ್ತುತ್ತಾರೆ. ಸಿಬ್ಬಂದಿ ಆಂಪ್ಲಿಫೈಯರಿನ ಕಡೆಗೆ ಹೆಜ್ಜೆ ಹಾಕುತ್ತಾರೆ. "ಮೈಕ್ ಆಫ್ ಮಾಡ್ರೀ!" ಎಂಬ ಕೂಗು ವೇದಿಕೆಯಿಂದ ಬರುತ್ತದೆ. ಲಕ್ಷ್ಮಯ್ಯ ಸೊಟ್ಟ ಬೆರಳುಗಳಿಂದ ಗುಂಡಿಯನ್ನು ಮುಚ್ಚಿ ಹಿಡಿಯುತ್ತಾರೆ. ತಿರುಗಿಸುವುದಕ್ಕಲ್ಲ, ಬೇರೆ ಯಾರೂ ತಿರುಗಿಸದಿರಲಿ ಎಂದು.

"ಆದ್ರೆ ನನ್ನ ಕಲ್ಲು ಕಿತ್ತು ಚೆಂದ ಮಾಡೋದು ನಂಗೆ ಇಷ್ಟ..." ಮರೆವ್ವ ಹೋದ ಸಲದ ನೆನಪಿನಿಂದ ಅಲ್ಲಿಗೇ ನಿಲ್ಲುತ್ತಾರೆ. ಮೈಕು ಸತ್ತಿರಬೇಕು ಎಂದುಕೊಂಡು ಲಕ್ಷ್ಮಯ್ಯನವರತ್ತ ತಿರುಗುತ್ತಾರೆ. ಇವರು ಹೂಂ ಎಂಬಂತೆ ತಲೆ ಆಡಿಸುತ್ತಾರೆ.

"ಇಲ್ಲ," ಎನ್ನುತ್ತಾರೆ ಮರೆವ್ವ. ಬೆಳಿಗ್ಗೆ ಹದ ಮಾಡಿಟ್ಟ ಮೈಕು ಆ ಪದವನ್ನು ಹಿಂದಿನ ಗೋಡೆಯ ತನಕ ಒಯ್ಯುತ್ತದೆ. ಲಕ್ಷ್ಮಯ್ಯ ಆಮೇಲೆ ಗುಂಡಿ ತಿರುಗಿಸುತ್ತಾರೆ.

ಸಭೆ ಮುಗಿದಾಗ ಸಿಬ್ಬಂದಿ ಹತ್ತಿರ ಬಂದು, "ಇನ್ಮುಂದೆ ನಮ್ಮ ಕಚೇರಿಯ ಯಾವ ಸಭೆಗೂ ನೀವು ಬರೋದು ಬೇಡ" ಎನ್ನುತ್ತಾರೆ. ಆ ವಾಕ್ಯವನ್ನೂ ಲಕ್ಷ್ಮಯ್ಯ ಕೊನೆಯ ಪದದ ತನಕ ಕೇಳಿಸಿಕೊಳ್ಳುತ್ತಾರೆ.

ಮರೆವ್ವ ಮೇಜಿನ ಬಳಿ ನಿಂತು ಕೇಳುತ್ತಾರೆ: "ಪೂರ್ತಿ ಬಿತ್ತೇನಪ್ಪಾ ಮೈಕಿಗೆ?"

"ಪೂರ್ತಿ ಬಿತ್ತು ಕಣಕ್ಕ."

ಕಮಲಮ್ಮ ವೈರು ಸುತ್ತುತ್ತಿದ್ದಾರೆ. ಬೀದಿ ಉಳಿಯುತ್ತದೋ ಬಿಡುತ್ತದೋ, ಹೇಳುವವರಿಲ್ಲ. ಮುಂದೇನು ಎಂದರೆ ಲಕ್ಷ್ಮಯ್ಯ ಮೈಕಿನ ತಲೆಯನ್ನು ಪಂಚೆಯ ಅಂಚಿನಿಂದ ಒರೆಸುತ್ತಾ ಹೇಳುತ್ತಾರೆ: "ನನ್ನೇ ಕರೀಲಿ ಅಂತ ಕೇಳಲ್ಲ. ಯಾರಾದ್ರೂ ಬಂದು ಹಾಕ್ಲಿ ಮೈಕು. ಬರೋನು ಕೊನೇ ಪದ ಬರೋವರ್ಗೂ ಕಾಯೋನಾಗಿರ್ಲಿ, ಅಷ್ಟೇ."