ಸೊಸೆ ತೆರೆದ ಬಾಗಿಲು

ಬಟ್ಟೆ ರಿಪೇರಿ ಮಾಡುವ ಆ ಹೆಂಗಸಿನ ಬಾಯಿ ಬೀದಿಯಲ್ಲೆಲ್ಲ ಹೆಸರುವಾಸಿ. ಜಗಳಕ್ಕಲ್ಲ, ಕಥೆ ಹೇಳುವುದಕ್ಕೆ. ಮನೆಯ ಮುಂದಿನ ಕೋಣೆಯೇ ಅವಳ ಅಂಗಡಿ: ಕಿಟಕಿ ಪಕ್ಕ ಹೊಲಿಗೆ ಯಂತ್ರ, ಗೋಡೆಗೆ ಟೀವಿ, ಮೂಲೆಯ ಕುರ್ಚಿಯಲ್ಲಿ ಅತ್ತೆ. ಅತ್ತೆಗೆ ಕಣ್ಣು ಹೋಗಿ ಮೂರು ವರ್ಷ. ಆದರೂ ಸುಮ್ಮನೆ ಕೂರುವ ಜಾಯಮಾನವಲ್ಲ. ಹಳೆಯ ಅಂಗಿಗಳಿಂದ ಕಿತ್ತ ಗುಂಡಿಗಳನ್ನು ತಗಡಿನ ಡಬ್ಬಿಗಳಿಗೆ ವಿಂಗಡಿಸುತ್ತಿದ್ದಳು. ಗಾತ್ರವನ್ನು ಬೆರಳೇ ಹೇಳುತ್ತಿತ್ತು. ಬಣ್ಣಕ್ಕೆ ಮಾತ್ರ ಸೊಸೆ ಬೇಕು. "ಇದು ಕಪ್ಪಾ, ನೀಲಿನಾ?" ಎಂದು ಗುಂಡಿ ಎತ್ತಿ ಹಿಡಿಯುವಳು. ಸೊಸೆ ಹೇಳಿದ್ದೇ ತಡ, ಅದು ಟಣ್ಣೆಂದು ಡಬ್ಬಿಗೆ ಬೀಳುವುದು.

ರಾತ್ರಿ ನೋಡುವ ಟೀವಿ ಧಾರಾವಾಹಿಯೂ ಹಾಗೆಯೇ. ಅದು ಕಾದಂಬರಿಯೊಂದನ್ನು ಹಿಡಿದು ಮಾಡಿದ್ದು, ಮುನಿಸಿಕೊಂಡ ಅಕ್ಕ ತಂಗಿಯರ ಕಥೆ. ಮಾತು ಅತ್ತೆಗೆ ಕೇಳಿಸುತ್ತಿತ್ತು. ಮಾತಿಲ್ಲದ್ದನ್ನು ಸೊಸೆ ಹೇಳುತ್ತಿದ್ದಳು. ಮೊದಮೊದಲು ಕಂಡದ್ದನ್ನು ಕಂಡ ಹಾಗೆ. ಬರಬರುತ್ತಾ ಒಂಚೂರು ಉಪ್ಪು ಖಾರ ಸೇರಿತು. ಎದುರಿಗಿದ್ದವರು ಹಾಗೆ ಕಿವಿಯಾಗಿ ಕೂತರೆ ಯಾರ ನಾಲಿಗೆ ತಾನೆ ಸುಮ್ಮನಿದ್ದೀತು?

ಆರು ತಿಂಗಳಿಂದ ಅತ್ತೆಯದು ಒಂದೇ ಹಟ. "ತಂಗಿ ಬಂದ್ರೆ ಅಕ್ಕ ಬಾಗಿಲು ತೆಗೀತಾಳೆ, ನೋಡ್ತಾ ಇರು. ಒಡಹುಟ್ಟಿದವಳನ್ನ ಹೊರಗೆ ನಿಲ್ಲಿಸ್ತಾರೇನೇ?"

ಕೊನೆಯ ಕಂತಿನ ಕೊನೆಯ ಮೂರು ನಿಮಿಷ ಒಂದೂ ಮಾತಿಲ್ಲ, ಬರೀ ಸಂಗೀತ. ತಂಗಿ ಬಂದು ಹೊರಗೆ ನಿಂತಳು. ಒಳಗೆ ಅಕ್ಕ ಚಿಲಕದ ಮೇಲೆ ಕೈಯಿಟ್ಟಳು, ಹಿಂತೆಗೆದಳು, ದೀಪ ಆರಿಸಿ ಒಳಕ್ಕೆ ಹೋಗಿಬಿಟ್ಟಳು. ಮುಗಿಯಿತು.

"ಏನಾಯ್ತೇ? ತೆಗೆದ್ಲಾ?" ಅತ್ತೆ ಸೊಸೆಯ ಮೊಣಕೈಯನ್ನು ಗಟ್ಟಿಯಾಗಿ ಹಿಡಿದಿದ್ದಳು.

"ತೆಗೆದ್ಲು ಅತ್ತೆ. ತಬ್ಕೊಂಡು ಅಳ್ತಾ ಇದಾರೆ ಇಬ್ರೂ."

ಅತ್ತೆ ಕಣ್ಣೊರೆಸಿಕೊಂಡು ಅಂದು ಎರಡು ತುತ್ತು ಹೆಚ್ಚೇ ಉಂಡಳು. ಸೊಸೆ ಮಾತ್ರ ಬೇಗ ಎದ್ದು ಪಾತ್ರೆ ತೊಳೆಯಲು ಹೋದಳು. ಊರೆಲ್ಲ ನೋಡಿದ್ದನ್ನು ತಾನೊಬ್ಬಳು ಬಚ್ಚಿಡಲು ಹೊರಟಿದ್ದಳಲ್ಲ, ಆ ಬುದ್ಧಿವಂತಿಕೆಗೆ ಏನೆನ್ನಬೇಕು!

ಬೆಳಗಾದರೆ ಬೀದಿಯಲ್ಲೆಲ್ಲ ಅದೇ ಮಾತು. ಜಿಪ್ ಹಾಕಿಸಲು ಬಂದ ನರ್ಸಮ್ಮ ಹೊಸಿಲು ದಾಟುವ ಮೊದಲೇ ಉರಿದುಬಿದ್ದಳು. "ವರ್ಷಗಟ್ಟಲೆ ನೋಡಿದ್ದಕ್ಕೆ ಚೆನ್ನಾಗಿ ಮಂಗ ಮಾಡಿದ್ರು ನಮ್ಮನ್ನ!" ಸೊಸೆ ಯಂತ್ರವನ್ನು ಜೋರಾಗಿ ತುಳಿದಳು. ಆದರೆ ನರ್ಸಮ್ಮನ ಹಿಂದೆಯೇ ಲೈಬ್ರರಿ ಅಕ್ಕ ಬಂದಳು, ಕಾದಂಬರಿಯನ್ನು ಎರಡು ಸಲ ಓದಿದವಳು. "ಪುಸ್ತಕದಲ್ಲಿ ಬಾಗಿಲು ತೆಗೀತಾಳೆ ಕಣ್ರೀ. ಈ ಟೀವಿಯವರಿಗೆ ಬದಲಾಯಿಸೋ ದರ್ದು ಏನಿತ್ತು?"

ಅತ್ತೆ ನಕ್ಕುಬಿಟ್ಟಳು. "ಯಾವ ಚಾನೆಲ್ ನೋಡಿದ್ರೋ ನೀವು! ತೆಗೆದ್ಲಲ್ಲ? ತಬ್ಕೊಂಡು ಅತ್ರು. ನನ್ನ ಸೊಸೆ ಕಣ್ಣಾರೆ ನೋಡಿದಾಳೆ. ಹೇಳೇ ಇವರಿಗೆ."

ಯಂತ್ರ ನಿಂತಿತು. ಲೈಬ್ರರಿ ಅಕ್ಕ ಸೊಸೆಯ ಮುಖ ನೋಡಿ, "ಇದ್ರೂ ಇರಬಹುದು, ನಂಗೆ ತೂಕಡಿಕೆ ಬಂದಿತ್ತು" ಎಂದು ತೇಪೆ ಹಾಕಿದಳು. ನರ್ಸಮ್ಮನಿಗೆ ಅಷ್ಟು ಸೂಕ್ಷ್ಮವೆಲ್ಲಿ? "ಇಲ್ಲಮ್ಮ, ದೀಪ ಆರಿಸಿ ಹೋಗೇಬಿಟ್ಲು, ನಮ್ಮನೇಲಿ ಎಲ್ರೂ ನೋಡಿದ್ವಿ."

ಅತ್ತೆಯ ನಗು ಮುಖದಲ್ಲೇ ಉಳಿಯಿತು. ಅದನ್ನು ಏನು ಮಾಡಬೇಕೆಂದು ಅವಳಿಗೆ ತಿಳಿಯಲಿಲ್ಲ.

ಬಂದವರು ಹೋದ ಮೇಲೆ ಸೊಸೆ ಕುರ್ಚಿಯ ಬಳಿ ಕುಕ್ಕರಿಸಿದಳು. "ತಪ್ಪಾಯ್ತು ಅತ್ತೆ. ನಿಮಗೆ ಬೇಜಾರಾಗುತ್ತೆ ಅಂತ..."

"ಬೇಜಾರು ನಾನು ಮಾಡ್ಕೋತಿದ್ದೆ ಕಣೇ. ಇವರ ಥರಾನೇ ನಾಲ್ಕು ದಿನ ಬೈಕೊಂಡಿರ್ತಿದ್ದೆ. ಅದನ್ನೂ ನಂಗೆ ಕೊಡಲಿಲ್ವಲ್ಲ ನೀನು."

ಭೂಮಿ ಬಾಯ್ಬಿಟ್ಟು ನುಂಗಬಾರದೇ ಅನ್ನಿಸಿತು ಸೊಸೆಗೆ. ಕರುಣೆಯಿಂದ ಹೇಳಿದೆ ಅಂದುಕೊಂಡಿದ್ದಳು. ಈಗ ನೋಡಿದರೆ ಚೆನ್ನಾಗಿ ಕಥೆ ಹೇಳುತ್ತೇನೆಂಬ ಜಂಬವೂ ಅದರಲ್ಲಿ ಒಂದಿಷ್ಟಿತ್ತು.

ಮಧ್ಯಾಹ್ನ ಪೋಸ್ಟ್‌ಮ್ಯಾನ್ ಅಂಗಿಯ ಸವೆದ ಕಾಲರ್ ತಿರುವಿ ಹೊಲಿಸಿಕೊಳ್ಳಲು ಬಂದು ಕೂತಿದ್ದ. ಅತ್ತೆ ಗುಂಡಿಯೊಂದನ್ನು ಎತ್ತಿ ಹಿಡಿದು ಬಣ್ಣ ಕೇಳಿದಳು. ಸದ್ಯ, ಕೇಳಿದಳಲ್ಲ ಎಂದು ಸೊಸೆಗೆ ಜೀವ ಬಂದಂತಾಯಿತು.

"ನೀಲಿ ಅತ್ತೆ," ಎಂದಳು. ನೀಲಿಯೇ ಆಗಿತ್ತು.

ಅತ್ತೆ ಗುಂಡಿಯನ್ನು ಅಂಗೈಯಲ್ಲಿ ಹೊರಳಿಸಿದಳು, ಡಬ್ಬಿಗೆ ಹಾಕಲಿಲ್ಲ. ಆಮೇಲೆ ಪೋಸ್ಟ್‌ಮ್ಯಾನ್ ಕೂತ ಕಡೆಗೆ ಕೈ ಚಾಚಿದಳು.

"ಇದು ಯಾವ ಬಣ್ಣಪ್ಪಾ?"

"ನೀಲಿ, ಅಮ್ಮ."

ಆಗ ಗುಂಡಿ ಟಣ್ಣೆಂದು ಡಬ್ಬಿಗೆ ಬಿತ್ತು.