ಮಾರಾಟಕ್ಕಿದ್ದ ಮನೆಯಲ್ಲಿ ನಮ್ಮ ಮಗ್ಗ

ನಾರಾಯಣಪೇಟೆಯಲ್ಲಿ ನಾವು ಬಾಡಿಗೆಗಿರುವ ಮನೆಯನ್ನು ಮಾಲೀಕರು ಮಾರಲು ಹೊರಟರು. ಮಾರಲಿ, ಅವರ ಮನೆ. ನನ್ನ ಪಿತ್ತ ನೆತ್ತಿಗೇರಿಸಿದವನು ದಲ್ಲಾಳಿ. ಹೊತ್ತು ಗೊತ್ತು ಇಲ್ಲದೆ ಗಿರಾಕಿಗಳನ್ನು ಕಟ್ಟಿಕೊಂಡು ಒಳಗೆ ನುಗ್ಗುತ್ತಿದ್ದ. ಒಮ್ಮೆ ನಾನು ತಲೆಸ್ನಾನ ಮಾಡಿ ಬಚ್ಚಲಿನಿಂದ ಬಂದರೆ, ಮಕ್ತಲ್ ಕಡೆಯ ಗಂಡ ಹೆಂಡತಿ ಅಡುಗೆಮನೆಯಲ್ಲಿ ನಿಂತು ಡಬ್ಬಿಗಳ ಮುಚ್ಚಳ ತೆಗೆದು ನೋಡುತ್ತಿದ್ದರು. ಮನೆ ಕೊಳ್ಳುವವರಿಗೆ ನಮ್ಮ ತೊಗರಿಬೇಳೆಯ ಗೊಡವೆ ಯಾಕೆ?

ಮಾಲೀಕರಿಗೆ ಫೋನು ಮಾಡಿದೆ.

"ನನ್ನ ಮನಿ ತೋರಿಸಾಕ ನಿಮ್ಮನ್ನ ಕೇಳಬೇಕೇನು?" ಎಂದರು.

"ಮನಿ ನಿಮ್ದ ಐತ್ರಿ. ಕಿರಾಯಿ ಕೊಟ್ಟು ಇರೋತನಕ ಬಾಗಲಾ ನಮ್ದು" ಎಂದೆ.

ನನ್ನ ಗಂಡ ಸುಮ್ಮನಿರು ಎಂದು ಕಣ್ಸನ್ನೆ ಮಾಡಿದ. ಅವನ ಹೆದರಿಕೆ ಸುಳ್ಳಲ್ಲ. ನಾವು ಎಂಟು ಸೀರೆಗಾಗುವ ಉದ್ದನೆಯ ಎಳೆಗಳನ್ನು ಒಂದೇ ಸಲ ಮಗ್ಗಕ್ಕೆ ಹೂಡುತ್ತೇವೆ. ಅದೇ ಹಾಸು. ಆಗಿನ್ನೂ ಮೂರು ಸೀರೆ ಮುಗಿದಿದ್ದವು. ನಮ್ಮದು ಕುಣಿಮಗ್ಗ. ನೆಲದಲ್ಲಿ ತೋಡಿದ ಕುಣಿಯೊಳಗೆ ಕಾಲಿಳಿಬಿಟ್ಟು ನೇಯಬೇಕು. ನಡುವೆ ಮನೆ ಬಿಡಿಸಿದರೆ ಆ ಹಾಸೆಲ್ಲ ಹಾಳು.

ಮಗ್ಗದಿಂದ ಎದ್ದಾಗ ಕುಣಿಯ ಮೇಲೆ ಚಾಪೆ ಹಾಸುವುದು ನಮ್ಮ ರೂಢಿ. ಅದರ ಕೆಳಗೇನಿದೆ ಎಂದು ನೇಕಾರರ ಓಣಿಯಲ್ಲಿ ಅಂಬೆಗಾಲಿಡುವ ಕೂಸಿಗೂ ಗೊತ್ತು. ಹೊರಗಿನಿಂದ ಬಂದ ಆ ದಲ್ಲಾಳಿಗೆ ಗೊತ್ತಿರಲಿಲ್ಲ. ಒಂದು ಮಧ್ಯಾಹ್ನ ನಾವು ಊಟಕ್ಕೆ ಕೂತಿದ್ದಾಗ ಕೇಳದೆ ಕರೆಯದೆ ಬಂದ. ಫೋನು ಎತ್ತಿ ಹಿಡಿದು, "ಚಾಲಾ ಪೆದ್ದ ರೂಮು" ಎಂದು ಕೋಣೆ ಬಹಳ ದೊಡ್ಡದೆಂದು ತೆಲುಗಿನಲ್ಲಿ ಹೊಗಳುತ್ತ, ವಿಡಿಯೋ ತೆಗೆಯುತ್ತ ಹಿಂದೆ ಹಿಂದೆ ಸರಿದ. ಚಾಪೆಯ ಸಮೇತ ಸೊಂಟದವರೆಗೆ ಇಳಿದುಬಿಟ್ಟ!

ನಾನು ಬಿದ್ದು ಬಿದ್ದು ನಕ್ಕೆ. ಆಮೇಲೆ ಕಂಡಿತು, ಬೀಳುವಾಗ ಆಸರೆಗೆಂದು ಅವನು ಹಾಸನ್ನೇ ಹಿಡಿದು ಜಗ್ಗಿದ್ದ. ರೇಷ್ಮೆ ಎಳೆಗಳು ಗೊಂಚಲು ಗೊಂಚಲಾಗಿ ಹರಿದಿದ್ದವು. ಆಗ ನಾನು ಬೈದದ್ದನ್ನು ಬರೆಯುವಂತಿಲ್ಲ.

ಸಂಜೆ ಮಾಲೀಕರು ಬಂದರು. ಜಗಳಕ್ಕೇ ಬಂದಿದ್ದರೋ ಏನೋ, ಹರಿದ ಹಾಸು ನೋಡಿದ್ದೇ ಅಂಗಿಯ ತೋಳು ಮಡಚಿದರು. ಆ ಕುಣಿಯಲ್ಲಿ ಅವರ ತಾಯಿಯೂ ನೇಯ್ದವರು. ಎಳೆ ಜಾರದಿರಲೆಂದು ಬೆರಳಿಗೆ ಬೂದಿ ಹಚ್ಚಿಕೊಂಡು ನನ್ನ ಗಂಡನ ಪಕ್ಕ ಕೂತು ಎಳೆಗೆ ಎಳೆ ಹೊಸೆದು ಜೋಡಿಸತೊಡಗಿದರು. ಅವರ ಮೇಲೆ ಪ್ರೀತಿ ಬಂತು. ಆದರೂ ಹೇಳುವುದನ್ನು ಬಿಡಲಿಲ್ಲ.

"ಒಂದಿನ ಮುಂಚೆ ಹೇಳ್ರಿ. ನಾವು ಬರ್ರಿ ಅಂದ ಮ್ಯಾಲ ಬರ್ರಿ. ವಿಡಿಯೋ ಬ್ಯಾಡ. ಹಾಸು ಮುಗಿಯೋತನಕ ಮನಿ ಬಿಡಸಬ್ಯಾಡ್ರಿ."

"ಆತವ್ವಾ, ಕೊಳ್ಳೋರಿಗೂ ಹೇಳ್ತೀನಿ" ಎಂದರು. ನಾನು ಬರೀ ಮಾತಿಗೆ ಬಗ್ಗುವವಳಲ್ಲ. ಕಾಗದದ ಮೇಲೆ ಬರೆಸಿಕೊಂಡೆ.

ಮನೆಯನ್ನು ಒಬ್ಬ ಮೇಷ್ಟ್ರು ಕೊಂಡರು. ನಾವು ಇಲ್ಲೇ ಇರಬಹುದಂತೆ. ಮೊನ್ನೆ ಗೋಡೆ ಅಳೆಯಲು ಬಂದ ಮೇಷ್ಟ್ರು ಚಪ್ಪಲಿ ಬಿಟ್ಟು ಹೊಸ್ತಿಲಾಚೆಯೇ ನಿಂತರು.

"ಒಳಗ ಬರ್ಲೇನ್ರೀ?"

ನನಗೆ ಯಾವ ಕೆಲಸವೂ ಇರಲಿಲ್ಲ. ಒಲೆಯ ಮೇಲೂ ಏನಿರಲಿಲ್ಲ. ಆದರೂ, "ಇವತ್ತು ಬ್ಯಾಡ್ರಿ, ನಾಳಿ ಬರ್ರಿ" ಎಂದೆ.

"ಆಗ್ಲಿ ತಗೋರಿ" ಎಂದು ಚಪ್ಪಲಿ ಮೆಟ್ಟಿಕೊಂಡು ಹೋದರು. ನಾನು ಬಾಗಿಲು ಹಾಕಿ, ಬಾಯಿಗೆ ಸೆರಗು ಒತ್ತಿಕೊಂಡು, ಖುಷಿಗೆ ಒಬ್ಬಳೇ ನಕ್ಕೆ.