ಚಾವಿ ಕೊಟ್ಟು ಪೀಪಿ ತಂದದ್ದು

ಮಗುವನ್ನು ಎಡಗಡೆ ಎತ್ತಿಕೊಂಡ ಮನುಷ್ಯ ಬಲಕ್ಕೆ ವಾಲಿ ನಡೆಯುತ್ತಾನೆ. ಕೆಲವು ವಾರ ಬಿಡದೆ ಎತ್ತಿಕೊಂಡರೆ ಮಗು ಇಲ್ಲದಾಗಲೂ ಹಾಗೆಯೇ ನಡೆಯುತ್ತಾನೆ. ಈ ಸೂಕ್ಷ್ಮವನ್ನು ನನಗೆ ತಿಳಿಸಿಕೊಟ್ಟವರು ನನ್ನ ವಿದ್ಯಾರ್ಥಿಗಳು. ಯಾದಗಿರಿಯ ಕಾಲೇಜಿನ ಪಡಸಾಲೆಯಲ್ಲಿ ಒಮ್ಮೆ ತಿರುಗಿ ನೋಡಿದಾಗ ನನ್ನ ಹಿಂದೆ ನಾಲ್ಕೈದು ಜನ ಅತ್ಯಂತ ಶ್ರದ್ಧೆಯಿಂದ ಬಲಕ್ಕೆ ವಾಲಿ ಬರುತ್ತಿದ್ದರು. ಕನ್ನಡ ವ್ಯಾಕರಣದಲ್ಲಿ ಅವರು ಇಷ್ಟು ನಿಖರವಾಗಿ ನನ್ನನ್ನು ಅನುಸರಿಸಿದ್ದಿಲ್ಲ.

ವಾಲಿಕೆಗೆ ಕಾರಣ ನಮ್ಮ ಮಗಳು ಗಂಗಿ. ಇನ್ನೂ ಮೂರು ತುಂಬಿರಲಿಲ್ಲ. ಮಳೆಗಾಲದಲ್ಲಿ ಮಂಚದಿಂದ ಜಿಗಿದು ಬಲಗಾಲು ಮುರಿದುಕೊಂಡಳು. ಪಟ್ಟಿ ಹಾಕಿದರು, ಪಟ್ಟಿ ಬಿಚ್ಚಿದರು, ಎಲುಬು ಕೂಡಿತು, ಆದರೆ ಗಂಗಿ ನೆಲಕ್ಕೆ ಕಾಲಿಡಲು ಒಪ್ಪಲಿಲ್ಲ. ಇಳಿಸಿದರೆ ಕಾಲು ಮಡಚಿ ಕುಕ್ಕರಿಸಿ ಕೈ ಮೇಲೆತ್ತುತ್ತಿದ್ದಳು. ಅಂಕ ಎಂದರೆ ತೊಡೆ ಎಂಬ ಅರ್ಥವೂ ಇದೆಯಷ್ಟೆ. ಪರೀಕ್ಷೆಯಲ್ಲಿ ಅಂಕ ಕೊಡುವುದಕ್ಕೆ ಜಿಪುಣನೆಂದು ಹೆಸರಾದ ನಾನು ಮನೆಯಲ್ಲಿ ಮಾತ್ರ ಉದಾರವಾಗಿ ಅಂಕದಾನ ಮಾಡತೊಡಗಿದೆ.

“ಕಾಲಿಗಿ ಏನೂ ಇಲ್ರಿ,” ಎಂದರು ಡಾಕ್ಟರು. “ಮನಸಿನ್ಯಾಗ ಹೆದರಿಕಿ ಕುಂತದ. ಜುಲ್ಮಿ ಮಾಡಬ್ಯಾಡ್ರಿ, ತಾನಾಗೇ ನಡೀತಾಳ.”

ನಾವು ಕಾದೆವು. ವಾರಗಳು ಕಳೆದವು. ಬೆಳಗ್ಗೆ ಎದ್ದ ಕೂಡಲೇ ನಾನೂ ನನ್ನ ಹೆಂಡತಿ ಶೈಲಾಳೂ ಹೊದಿಕೆಯಿಂದ ಹೊರಗೆ ಬಂದ ಆ ಪುಟ್ಟ ಪಾದವನ್ನೇ ನೋಡುತ್ತಿದ್ದೆವು. ನೋಡಿದ್ದನ್ನು ಒಬ್ಬರಿಗೊಬ್ಬರು ಹೇಳುತ್ತಿರಲಿಲ್ಲ.

ದಸರೆಯ ರಜೆ ಬಂತು. ಸುರಪುರದಲ್ಲಿರುವ ನನ್ನ ಅಕ್ಕನ ಮನೆಗೆ ಹೊರಟೆವು. ಶಾಲಾ ಶಿಕ್ಷಕಿಯಾದ ಶೈಲಾ ತನ್ನ ಸಹೋದ್ಯೋಗಿಯಿಂದ ಜಿಯೋಕ್ಯಾಶಿಂಗ್ ಎಂಬ ಹೊಸ ಆಟ ಕಲಿತು ಬಂದಿದ್ದಳು. ಯಾರೋ ಅಪರಿಚಿತರು ಎಲ್ಲೋ ಒಂದು ಡಬ್ಬಿ ಬಚ್ಚಿಟ್ಟು ಅದರ ಜಾಗವನ್ನು ಮೊಬೈಲಿನ ನಕ್ಷೆಯಲ್ಲಿ ಗುರುತು ಮಾಡಿರುತ್ತಾರೆ, ನಾವು ಹುಡುಕಬೇಕು, ಒಳಗಿನ ಒಂದು ಆಟಿಕೆ ತೆಗೆದುಕೊಂಡರೆ ಬದಲಿಗೆ ನಮ್ಮದೊಂದು ಇಡಬೇಕು, ಡಬ್ಬಿಯನ್ನು ಮತ್ತೆ ಅಲ್ಲಿಯೇ ಬಚ್ಚಿಡಬೇಕು. ಅಂಥದೊಂದು ಡಬ್ಬಿ ಶಹಾಪುರದ ಹತ್ತಿರದ ಗುಡ್ಡದಲ್ಲಿದೆ ಎಂದು ಮೊಬೈಲು ತೋರಿಸುತ್ತಿತ್ತು.

ಹತ್ತಿ ಒಡೆಯತೊಡಗಿದ ಹೊಲಗಳ ನಡುವೆ ಕಾರು ಸಾಗಿತು. ಶಹಾಪುರದ ಬೆಟ್ಟ ಮಲಗಿದ ಬುದ್ಧನ ಹಾಗೆ ಕಾಣುವ ತಿರುವಿನಲ್ಲಿ ನಿಲ್ಲಿಸಿ ಗಂಗಿಗೆ ತೋರಿಸಿದೆ. ಅವಳು ಬಹಳ ಹೊತ್ತು ನೋಡಿದಳು.

“ಅಂವಗೂ ಕಾಲು ನೋಯ್ತದೇನು?” ಎಂದಳು.

ಬುದ್ಧನ ಬಗ್ಗೆ ಭಾಷಣ ಮಾಡಲು ಸಿದ್ಧನಾಗಿದ್ದ ನಾನು ಕಾರು ಚಾಲೂ ಮಾಡಿದೆ.

ಗುಡ್ಡದ ಬುಡದಲ್ಲಿ ಕಾರು ನಿಲ್ಲಿಸಿ ಗಂಗಿಯನ್ನೆತ್ತಿಕೊಂಡು ಹತ್ತಿದೆ. ದಾರಿಯಲ್ಲಿ ರಗಳೆ ಮಾಡದಿರಲೆಂದು ಕಾರಿನ ಗೆಜ್ಜೆ ಕಟ್ಟಿದ ಚಾವಿಯನ್ನು ಅವಳ ಕೈಗೆ ಕೊಟ್ಟಿದ್ದೆ. ಮೇಲೆ ಹೋದರೆ ಮೊಬೈಲಿನ ಬಾಣ ಒಮ್ಮೆ ಈ ಬಂಡೆ ಎನ್ನುತ್ತದೆ, ಒಮ್ಮೆ ಆ ಬಂಡೆ ಎನ್ನುತ್ತದೆ. ನಾವು ಬಗ್ಗಿ ಬಗ್ಗಿ ಸಂದುಗೊಂದುಗಳನ್ನು ಇಣುಕುವುದನ್ನು ಆಡು ಮೇಯಿಸುತ್ತಿದ್ದ ಹೆಂಗಸೊಬ್ಬಳು ನೋಡಿ ಹತ್ತಿರ ಬಂದಳು.

“ಏನ್ ಕಳಕೊಂಡೀರ್ರಿ?”

“ಏನೂ ಇಲ್ಲವ್ವ,” ಎಂದೆ. “ಯಾರೋ ಒಂದು ಡಬ್ಬಿ ಬಚ್ಚಿಟ್ಟಾರ, ಹುಡುಕಾಕತ್ತೀವಿ.”

“ಅದರಾಗ ಏನದ?”

“ಆಟಿಗಿ ಸಾಮಾನು ಇರ್ತಾವ.”

“ಸಿಕ್ಕರ ಮನಿಗಿ ಒಯ್ತೀರೇನು?”

“ಇಲ್ಲ. ಮತ್ತ ಅಲ್ಲೇ ಇಟ್ಟು ಹೋಗ್ತೀವಿ.”

ಅವಳು ನನ್ನನ್ನೊಮ್ಮೆ, ಶೈಲಾಳನ್ನೊಮ್ಮೆ ನೋಡಿದಳು. ಆ ದೃಷ್ಟಿಯಲ್ಲಿದ್ದ ಅನುಕಂಪವನ್ನು ಹೆಚ್ಚಿಗೆ ವರ್ಣಿಸಲಾರೆ. “ಹುಡುಕ್ರಿ, ಹುಡುಕ್ರಿ,” ಎಂದು ಆಡುಗಳ ಕಡೆಗೆ ಹೋದಳು.

ಡಬ್ಬಿ ಸಿಕ್ಕಿದ್ದು ಶೈಲಾಳಿಗೆ, ಸೀತಾಫಲದ ಗಿಡದ ಬುಡದಲ್ಲಿ, ಎರಡು ಕಲ್ಲುಗಳ ನಡುವೆ. ಒಳಗೆ ಒಂದು ಗೋಲಿ, ಒಂದು ಗುಂಡಿ, ಒಂದು ಹಳದಿ ಪೀಪಿ. ಗಂಗಿ ಪೀಪಿಯನ್ನು ಹಿಡಿದುಕೊಂಡಳು. “ತಗೊಂಡ್ರ ನಿಂದೂ ಒಂದು ಇಡಬೇಕವ್ವ,” ಎಂದು ಶೈಲಾ ಆಟದ ನೀತಿಯನ್ನು ಬೋಧಿಸಿ, ಅವಳನ್ನು ಅಲ್ಲಿಯೇ ಕೂರಿಸಿ, ಪಕ್ಕದ ಗಿಡದಲ್ಲಿ ಕಣ್ಣು ಬಿಟ್ಟು ಬಲಿತಿದ್ದ ಸೀತಾಫಲ ಕೀಳಲು ನನ್ನನ್ನು ಕರೆದಳು. ತಿರುಗಿ ನೋಡುವಷ್ಟರಲ್ಲಿ ಗಂಗಿ ಮುಚ್ಚಳ ಒತ್ತಿ ಡಬ್ಬಿಯನ್ನು ಸಂದಿಗೆ ತಳ್ಳಿಯಾಗಿತ್ತು. ಅವಳ ಜಾಣತನವನ್ನು ಹೊಗಳುತ್ತಾ ಕೆಳಗಿಳಿದೆವು.

ಕಾರಿನ ಹತ್ತಿರ ಬಂದು ಜೇಬು ತಡವಿದೆ. ಆಮೇಲೆ ನೆನಪಾಯಿತು.

“ಚಾವಿ ಎಲ್ಲದ ಗಂಗೀ?”

“ಡಬ್ಬ್ಯಾಗ.”

“ಅಲ್ಲ್ಯಾಕ ಇಟ್ಟಿ?”

“ಅವ್ವ ಇಡಂದ್ಲು.”

ನೀತಿಬೋಧೆ ಇಷ್ಟು ಬೇಗ ಫಲ ಕೊಟ್ಟದ್ದನ್ನು ಶಿಕ್ಷಕರಾದ ನಾವಿಬ್ಬರೂ ಕಂಡಿರಲಿಲ್ಲ. ಎರಡನೆಯ ಸಲ ಅವಳನ್ನು ಹೊತ್ತು ಹತ್ತುವ ಬಲ ನನ್ನ ಮೊಣಕಾಲುಗಳಲ್ಲಿ ಉಳಿದಿರಲಿಲ್ಲ. ನಾನು ಅವಳನ್ನು ಶೈಲಾಳ ಕೈಗೆ ದಾಟಿಸಿ, “ನೀವಿಬ್ಬರೂ ಇಲ್ಲೇ ಕೂಡ್ರಿ, ನಾ ಹೋಗಿ ತರ್ತೀನಿ,” ಎಂದೆ.

“ನಾ ಇಟ್ಟೀನಿ,” ಎಂದಳು ಗಂಗಿ. “ನಾನೇ ತಗೀತೀನಿ.”

ಶೈಲಾಳ ಕಂಕುಳಲ್ಲಿ ಮೀನಿನಂತೆ ಕೊಸರಾಡಿ ಜಾರಿ ಇಳಿದಳು. ನೆಲದ ಮೇಲೆ ನಿಂತಳು. ಎರಡೂ ಕಾಲ ಮೇಲೆ ನಿಂತಳು. ನಂತರ ಬರಿಗಾಲಿನಲ್ಲಿ, ಗುಡ್ಡದ ಕಡೆಗೆ, ಸ್ವಲ್ಪ ಕುಂಟುತ್ತಾ ಹೊರಟಳು.

ಶೈಲಾ ನನ್ನ ಮುಂಗೈ ಹಿಡಿದುಕೊಂಡಳು. ಮಾತಾಡಿದರೆ ಎಲ್ಲಿ ನಿಂತುಬಿಡುತ್ತಾಳೋ ಎಂಬ ಭಯದಿಂದ ನಾವು ಕಾಲ ಸಪ್ಪಳವೂ ಆಗದಂತೆ ಹಿಂಬಾಲಿಸಿದೆವು. ಸಣ್ಣ ಕಲ್ಲುಗಳನ್ನು ಬಳಸಿಕೊಂಡು, ದೊಡ್ಡವನ್ನು ಕೈಯೂರಿ ಏರಿ, ಕಾಲಿಗೆ ಮೆತ್ತಿದ ಕಸವನ್ನು ಕೂತು ತೆಗೆದು ಮತ್ತೆ ಎದ್ದು ಅವಳು ಹತ್ತಿದಳು. ಅರ್ಧ ದಾರಿಯಲ್ಲಿ ನಿಂತಳು. ಬಲಗಾಲನ್ನು ನೋಡಿಕೊಂಡಳು. ನನ್ನ ಕೈಗಳು ರೂಢಿಯಂತೆ ತಾವಾಗಿಯೇ ಚಾಚಿಕೊಂಡವು. ಶೈಲಾ ಅವನ್ನು ಕೆಳಗೆಳೆದಳು. ಗಂಗಿ ತಿರುಗಿ ನಮ್ಮಿಬ್ಬರನ್ನೂ ನೋಡಿ, ಏನೋ ಯೋಚಿಸಿ, “ಬರ್ರಿ,” ಎಂದು ಮುಂದೆ ನಡೆದಳು.

ಆಡಿನ ಹೆಂಗಸು ಇನ್ನೂ ಅಲ್ಲಿಯೇ ಇದ್ದಳು. “ಮತ್ತ ಬಂದ್ರೇನು?”

“ಚಾವಿ…” ಎಂದ ಶೈಲಾ ಸೆರಗಿನಿಂದ ಕಣ್ಣೊರೆಸಿಕೊಂಡಳು.

“ಅಳಬ್ಯಾಡ ತಂಗಿ,” ಎಂದಳು ಆಕೆ. “ಚಾವಿ ಎಲ್ಲಿ ಹೋಗ್ತದ, ಸಿಗತದ.”

ಸಿಕ್ಕಿತು. ಗಂಗಿಯೇ ಡಬ್ಬಿ ಎಳೆದು, ಚಾವಿ ತೆಗೆದು, ಗೆಜ್ಜೆ ಅಲ್ಲಾಡಿಸಿ ತೋರಿಸಿದಳು. ಚಾವಿಯ ಬದಲು ಶೈಲಾ ತನ್ನ ಕೂದಲಿನ ಕ್ಲಿಪ್ಪು ಇಟ್ಟಳು. ಇಳಿಯುವಾಗ ನಮ್ಮ ಮುಂದೆ ಪೀಪಿ ಊದುತ್ತಾ ಹೋದ ಗಂಗಿಯ ಹಿಂದೆ ಎರಡು ಆಡಿನ ಮರಿಗಳೂ ಒಂದಿಷ್ಟು ದೂರ ಬಂದವು.

ಸುರಪುರದಲ್ಲಿ ಅಕ್ಕ, ಮಗುವನ್ನು ಎತ್ತಿಕೊಳ್ಳಲೆಂದು ಕೈ ಚಾಚಿಕೊಂಡೇ ಬಾಗಿಲಿಗೆ ಬಂದಳು. ಗಂಗಿ ಆ ಕೈಗಳ ಕೆಳಗಿಂದ ನುಸುಳಿ ಒಳಗೆ ಹೋದಳು. ಅಕ್ಕ ಆ ಬರಿಗಾಲುಗಳನ್ನೇ ನೋಡುತ್ತಾ ನಿಂತಳು. ಆಮೇಲೆ, “ಕೂಸಿಗಿ ಚಪ್ಪಲಿ ಎಲ್ಲಿ?” ಎಂದು ಕೇಳಿದಳು.

ನಾವು ಚಪ್ಪಲಿಯನ್ನೇ ತಂದಿರಲಿಲ್ಲ. ಅದು ಬೇಕಾಗಬಹುದೆಂದು ಇಬ್ಬರಿಗೂ ಹೊಳೆದಿರಲಿಲ್ಲ.

ಸಂಜೆ ಬಜಾರಿಗೆ ಹೋದೆವು. ಶೈಲಾ ಯುಗಾದಿಗೆ ಕೊಂಡಿದ್ದ ಚಪ್ಪಲಿಯ ನಂಬರನ್ನೇ ಹೇಳಿದಳು. ಅಂಗಡಿಯ ಮುದುಕ ಸಾಹೇಬರು ಗಂಗಿಯ ಬಲಗಾಲನ್ನು ಅಂಗೈಯಲ್ಲಿಟ್ಟುಕೊಂಡು ಚಪ್ಪಲಿ ತೊಡಿಸಲು ನೋಡಿದರು. ಹಿಮ್ಮಡಿ ಹೊರಗುಳಿಯಿತು.

“ಇದು ಆಗಂಗಿಲ್ಲ ಬೇಟಾ,” ಎಂದರು ಶೈಲಾಳಿಗೆ. “ಕೂಸಿನ ಕಾಲು ಬೆಳದಾವ.”

ಎಲ್ಲವೂ ನಿಂತೇಹೋಯಿತೆಂದು ನಾವು ಕೊರಗಿದ ಅಷ್ಟೂ ದಿನ ಆ ಕಾಲು ಪಟ್ಟಿಯ ಒಳಗೂ ನನ್ನ ಕಂಕುಳಲ್ಲೂ ತನ್ನ ಪಾಡಿಗೆ ಬೆಳೆಯುತ್ತಲೇ ಇತ್ತು. ಮುಂದಿನ ನಂಬರಿನ ಕೆಂಪು ಚಪ್ಪಲಿ ಸರಿಹೋಯಿತು. ಗಂಗಿ ಎದ್ದು ನಿಂತು, ಎರಡೂ ಕಾಲನ್ನು ಒಂದೊಂದಾಗಿ ನೆಲಕ್ಕೆ ಬಡಿದು ನೋಡಿ, ಯಾರನ್ನೂ ಕೇಳದೆ ಅಂಗಡಿಯ ಮೆಟ್ಟಿಲಿಳಿದು ಬಜಾರಿನ ಜನರೊಳಗೆ ನಡೆದೇಬಿಟ್ಟಳು. ನಾವು ನಮ್ಮ ಚಪ್ಪಲಿ ಮೆಟ್ಟಿಕೊಳ್ಳುವುದನ್ನೂ ಬಿಟ್ಟು ಅವಳ ಹಿಂದೆ ಓಡಿದೆವು.